ಬೋರ್ಡಿನ 6ನೇ ಸ್ವಿಚ್ ಆನ್ ಮಾಡಿದರೆ ರೇಡ್ ಡಿಸ್ಕಿನಲ್ಲಿರುವ ಡೇಟಾ ಹೋಗುತ್ತಾ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಬಿಚ್ಚಿಟ್ಟ ಸರ್ವರ್ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎರಡು ಯುನಿಟ್ ಎತ್ತರದ ರ‍್ಯಾಕ್ ಸರ್ವರ್. ಎರಡು ಪ್ರೊಸೆಸರ್, 256 ಜಿಬಿ ಮೆಮೊರಿ, ಎಂಟು ಡಿಸ್ಕ್. ಡಿಸ್ಕೆಲ್ಲ ಪ್ರತ್ಯೇಕ ರೇಡ್ ಕಾರ್ಡಿನ (ಹಲವು ಡಿಸ್ಕುಗಳನ್ನು ಒಂದೇ ಗುಂಪಾಗಿ ನಡೆಸುವ ಕಾರ್ಡ್) ಕೆಳಗೆ, ರೇಡ್ 6ರಲ್ಲಿವೆ. ಲಿನಕ್ಸ್ ಇದೆ, ಅದರ ಮೇಲೆ ಹದಿನಾಲ್ಕು ವರ್ಚುವಲ್ ಮೆಷೀನ್ (ಒಂದೇ ಯಂತ್ರದೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ಓಡುತ್ತಿದ್ದವು.

ನಿನ್ನೆ ಸಂಜೆ ಒಂದು ನೆಟ್‌ವರ್ಕ್ ಕಾರ್ಡ್ ಹಾಕಿದೆ. ಸೆಟಪ್‌ಗೆ ಹೋಗಿ ಎಸ್‌ಆರ್-ಐಒವಿ (ಒಂದೇ ನೆಟ್‌ವರ್ಕ್ ಕಾರ್ಡನ್ನು ಹಲವು ವರ್ಚುವಲ್ ಮೆಷೀನ್‌ಗಳಿಗೆ ಹಂಚುವ ಆಯ್ಕೆ) ಆನ್ ಮಾಡಿದೆ. ಅದೇ ಪುಟದಲ್ಲಿ ಪಿಸಿಐಗೆ (ಕಾರ್ಡುಗಳನ್ನು ಬೋರ್ಡಿಗೆ ಜೋಡಿಸುವ ದಾರಿ) ಸಂಬಂಧಪಟ್ಟ ಇನ್ನೂ ಒಂದೆರಡು ಆಯ್ಕೆ ಬದಲಾಯಿಸಿದೆ. ಯಾವುದು ಅಂತ ಸರಿಯಾಗಿ ನೆನಪಿಲ್ಲ, ಬೈಯಬೇಡಿ. ಸೇವ್ ಮಾಡಿ ರೀಬೂಟ್ ಮಾಡಿದೆ. ಅಲ್ಲಿಂದ ಶುರು. ಮೆಮೊರಿ ಪರೀಕ್ಷೆ ಮುಗಿಯುತ್ತದೆ, ಪಿಸಿಐ ಕಾರ್ಡುಗಳನ್ನು ಹುಡುಕುವ ಹಂತಕ್ಕೆ ಬರುತ್ತದೆ, ಅಲ್ಲೇ ನಿಂತುಬಿಡುತ್ತದೆ. ಫ್ಯಾನ್ ಮಾತ್ರ ಜೋರಾಗಿ ಓಡುತ್ತಿರುತ್ತದೆ. ಎಫ್9 ಎಷ್ಟು ಸಲ ಒತ್ತಿದರೂ ಸೆಟಪ್ ತೆರೆಯುವುದಿಲ್ಲ. ಹೊಸ ಕಾರ್ಡನ್ನು ಕಿತ್ತು ಪಕ್ಕಕ್ಕಿಟ್ಟೆ. ಆದರೂ ಅದೇ ಜಾಗದಲ್ಲಿ ನಿಲ್ಲುತ್ತಿದೆ.

ಮುಚ್ಚಳದ ಒಳಗೆ ಅಂಟಿಸಿರುವ ಚಿತ್ರ ನೋಡಿದೆ. ಬೋರ್ಡಿನ ಮೇಲೆ 12 ಪುಟ್ಟ ಸ್ವಿಚ್‌ಗಳ ಒಂದು ಸಾಲು ಇದೆ. 6ನೇದನ್ನು ಆನ್ ಮಾಡಿದರೆ ಎಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ ಅಂತ ಬರೆದಿದೆ. ಆ ‘ಎಲ್ಲ’ ಅನ್ನುವ ಪದ ನೋಡಿಯೇ ಕೈ ನಡುಗುತ್ತಿದೆ. ರೇಡ್ ಸೆಟ್ಟಿಂಗ್ ಕೂಡ ಅದರಲ್ಲಿ ಸೇರಿದೆಯಾ? ಬ್ಯಾಕಪ್ ಇದೆ, ಆದರೆ ಎರಡು ದಿನ ಹಳೆಯದು.

ಕರೆಂಟ್ ಇದ್ದಾಗಲೇ ಸ್ವಿಚ್ ಸರಿಸಬೇಕಾ, ತೆಗೆದು ಸರಿಸಬೇಕಾ? ಅದನ್ನೂ ಹೇಳಿ.


ರೀಬೂಟ್ ರಾಜ:

ಸ್ವಿಚ್ ಸಹವಾಸ ಯಾಕೆ ಬ್ರದರ್? ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್2032. ಅದನ್ನು ತೆಗೆದು ಅರ್ಧ ಗಂಟೆ ಬಿಡಿ. ಮತ್ತೆ ಹಾಕಿ. ಎಲ್ಲ ಹೊಸದಾಗುತ್ತದೆ. ನನ್ನ ಮನೆಯ ಕಂಪ್ಯೂಟರ್‌ಗೆ ಎಷ್ಟೋ ಸಲ ಹೀಗೇ ಮಾಡಿದ್ದೇನೆ.


ಹಳೇ ಸ್ಕ್ರೂಡ್ರೈವರ್:

ರಾತ್ರಿಪಾಳಿ, ಮೊದಲು ನಿಮ್ಮ ಹೊಟ್ಟೆಯ ಸಂಕಟಕ್ಕೆ ಉತ್ತರ. ಡೇಟಾ ಹೋಗುವುದಿಲ್ಲ. ನಿಮ್ಮದು ಪ್ರತ್ಯೇಕ ರೇಡ್ ಕಾರ್ಡ್. ಯಾವ ಡಿಸ್ಕ್ ಯಾವ ಗುಂಪಿನದು, ಯಾವ ಕ್ರಮದಲ್ಲಿದೆ ಅನ್ನುವ ಲೆಕ್ಕವನ್ನು ಆ ಕಾರ್ಡ್ ಡಿಸ್ಕುಗಳ ಮೇಲೆಯೇ ಬರೆದಿಟ್ಟುಕೊಂಡಿರುತ್ತದೆ. 6ನೇ ಸ್ವಿಚ್ ಅಳಿಸುವುದು ಬೋರ್ಡಿನ ಸಿಮಾಸ್ ಮತ್ತು ಎನ್‌ವಿರ‍್ಯಾಮ್‌ನಲ್ಲಿರುವುದನ್ನು. ಅಂದರೆ ಸೆಟಪ್ ಪುಟಗಳಲ್ಲಿ ನೀವು ನೋಡುವ ಆಯ್ಕೆಗಳು, ಬೂಟ್ ಕ್ರಮ, ಇಂಥವು. ಡಿಸ್ಕಿನ ತನಕ ಅದರ ಕೈ ಚಾಚುವುದಿಲ್ಲ.

ಆದರೆ ರೇಡ್ ಕಾರ್ಡ್ ಇಲ್ಲದೆ, ಬೋರ್ಡಿನ ಚಿಪ್‌ಸೆಟ್‌ನಲ್ಲೇ ರೇಡ್ ಮಾಡಿಕೊಂಡವರು ಇದನ್ನು ಓದುತ್ತಿದ್ದರೆ ಸ್ವಲ್ಪ ನಿಲ್ಲಿ. ಸೆಟ್ಟಿಂಗ್ ಅಳಿಸಿದಾಗ ಸಾಟಾ (ಡಿಸ್ಕ್ ಜೋಡಣೆಯ) ಮೋಡ್ ರೇಡ್‌ನಿಂದ ಎಎಚ್‌ಸಿಐಗೆ, ಅಂದರೆ ಬಿಡಿ ಡಿಸ್ಕುಗಳ ಮೋಡ್‌ಗೆ ಹೋಗಿಬಿಡಬಹುದು. ಆಗ ಡಿಸ್ಕುಗಳು ಬಿಡಿಬಿಡಿಯಾಗಿ ಕಾಣಿಸುತ್ತವೆ. ಡೇಟಾ ಆಗಲೂ ಇರುತ್ತದೆ. ಗಾಬರಿಯಲ್ಲಿ ‘ಇನಿಶಿಯಲೈಸ್ ಮಾಡಲಾ?’ ಅಂತ ಕೇಳಿದ್ದಕ್ಕೆ ಹೂಂ ಅಂದರೆ ಮಾತ್ರ ಕಥೆ ಮುಗಿಯಿತು. ಮೊದಲು ಮೋಡ್ ವಾಪಸ್ ರೇಡ್‌ಗೆ ತನ್ನಿ, ಆಮೇಲೆ ಮಿಕ್ಕಿದ್ದು.

ರಾಜಾ, ನಿಮ್ಮ ಮನೆಯ ಕಂಪ್ಯೂಟರ್ ಹಳೆಯದಿರಬೇಕು. ಈಗಿನ ಸರ್ವರ್‌ಗಳಲ್ಲಿ ಹೆಚ್ಚಿನ ಸೆಟ್ಟಿಂಗ್ ಇರುವುದು ಫ್ಲ್ಯಾಶ್ ಚಿಪ್‌ನಲ್ಲಿ. ಅದಕ್ಕೆ ಬ್ಯಾಟರಿಯ ಹಂಗೇ ಇಲ್ಲ. ಬ್ಯಾಟರಿ ತೆಗೆದರೆ ಗಡಿಯಾರ ಹಾಳಾಗುತ್ತದೆ, ಕೆಟ್ಟ ಸೆಟ್ಟಿಂಗ್ ಮಾತ್ರ ಹಾಗೇ ಕೂತಿರುತ್ತದೆ. ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ, ಅಷ್ಟೇ.

ಈಗ ಸ್ವಿಚ್ ವಿಷಯ. ಇದನ್ನು ಔಷಧಿ ಅಂತ ನೋಡಬೇಡಿ. ಬೋರ್ಡಿಗೆ ನೀವು ಕೇಳುವ ಒಂದು ಪ್ರಶ್ನೆ ಅಂತ ನೋಡಿ. ಹೊಸ ಕಾರ್ಡ್ ಕಿತ್ತ ಮೇಲೂ ಅದೇ ಜಾಗದಲ್ಲಿ ನಿಲ್ಲುತ್ತಿದೆ ಅಂದಿರಿ. ಹಾಗಾದರೆ ಎರಡೇ ದಾರಿ. ನೀವು ಬದಲಾಯಿಸಿದ ಸೆಟ್ಟಿಂಗ್ ಅದನ್ನು ಹಿಡಿದು ನಿಲ್ಲಿಸಿದೆ, ಇಲ್ಲವೇ ಕಾರ್ಡ್ ಹಾಕುವಾಗ ಸ್ಲಾಟೋ ರೈಸರೋ (ಕಾರ್ಡುಗಳನ್ನು ಸಿಕ್ಕಿಸುವ ಪುಟ್ಟ ಹಲಗೆ) ಏನೋ ಅಲುಗಾಡಿದೆ. ಸೆಟ್ಟಿಂಗ್ ಅಳಿಸಿ ಬೂಟ್ ಮಾಡಿದಾಗ ಆ ಜಾಗ ದಾಟಿ ಮುಂದೆ ಹೋದರೆ ಮೊದಲನೆಯದು. ಮತ್ತೆ ಅಲ್ಲೇ ನಿಂತರೆ ಎರಡನೆಯದು. ರೈಸರ್ ಬಿಚ್ಚಿ ಕೂರಿಸುವ ಕೆಲಸ ಆಗ ಮಾಡೋಣ. ಈಗಲೇ ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಒಂದೇ ಸಲ ಮೂರು ಸೆಟ್ಟಿಂಗ್ ಬದಲಾಯಿಸಿದ್ದಕ್ಕೇ ಅಲ್ವಾ ಈಗ ಈ ಪಾಡು? (ಬೈಯಬೇಡಿ ಅಂದಿರಿ. ಇದು ಬೈಗುಳ ಅಲ್ಲ.)

12 ಸ್ವಿಚ್ ಸಾಲು, ಎಫ್9, 6ರಲ್ಲಿ ಅಳಿಸುವುದು ಅಂದರೆ ಎಚ್‌ಪಿ ಪ್ರೊಲಯಂಟ್ ಸಾಲಿನದು ಇರಬೇಕು. ಆ ಸಾಲಿನಲ್ಲಿ ನೀವು ತಿಳಿದಿರಬೇಕಾದವು ಇವು. 1ನೇದು ಐಎಲ್‌ಒ (ದೂರದಿಂದಲೇ ಸರ್ವರ್ ನಿಭಾಯಿಸುವ ಭಾಗ) ಭದ್ರತೆಯನ್ನು ಪಕ್ಕಕ್ಕೆ ಸರಿಸುತ್ತದೆ. ರಿಮೋಟ್ ಮ್ಯಾನೇಜ್‌ಮೆಂಟ್ ಪಾಸ್‌ವರ್ಡ್ ಮರೆತಾಗ ಬಳಸುವಂಥದ್ದು. ಅದು ಆನ್ ಇರುವಷ್ಟು ಹೊತ್ತು ಬಾಗಿಲಿಗೆ ಚಿಲಕ ಇಲ್ಲ ಅಂತ ಇಟ್ಟುಕೊಳ್ಳಿ, ಸುಮ್ನೆ ಮುಟ್ಟಬೇಡಿ. 5ನೇದು ಪವರ್ ಆನ್ ಪಾಸ್‌ವರ್ಡ್ ರದ್ದು ಮಾಡುತ್ತದೆ. 6 ನಿಮಗೆ ಬೇಕಾದದ್ದು. 1, 5, 6 ಮೂರನ್ನೂ ಒಟ್ಟಿಗೆ ಆನ್ ಮಾಡಿದರೆ ಬೋರ್ಡ್ ತನ್ನ ಬಯೋಸಿನ (ಸರ್ವರನ್ನು ಎಬ್ಬಿಸುವ ಫರ್ಮ್‌ವೇರ್) ಎರಡನೇ ಪ್ರತಿಗೆ ಹೋಗುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೆ ಕೆಟ್ಟಾಗ ಅದು ಬೇಕಾಗುತ್ತದೆ, ಈಗ ಬೇಡ. ‘ರಿಸರ್ವ್ಡ್’ ಅಂತ ಬರೆದಿರುವುದನ್ನು ಕುತೂಹಲಕ್ಕೂ ಸರಿಸಬೇಡಿ. ಒಂದು ತಲೆಮಾರಿನ ಬೋರ್ಡಿಗೂ ಮುಂದಿನದಕ್ಕೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ನಾನು ಹೇಳಿದ್ದಕ್ಕಿಂತ ನಿಮ್ಮ ಮುಚ್ಚಳದ ಮೇಲಿನ ಪಟ್ಟಿಯೇ ದೊಡ್ಡದು.

ಕೆಲಸ ಹೀಗೆ. ಸರ್ವರ್ ಆಫ್ ಮಾಡಿ. ಎರಡೂ ಪವರ್ ಸಪ್ಲೈಗಳ ವೈರ್ ಹೊರಗೆ ಎಳೆಯಿರಿ. ಬಟನ್ ಒತ್ತಿ ಆಫ್ ಮಾಡಿದರೆ ಸಾಲದು. ವೈರ್ ಸಿಕ್ಕಿಸಿರುವ ತನಕ ಬೋರ್ಡಿನ ಒಂದು ಭಾಗ ಎಚ್ಚರವಾಗಿಯೇ ಇರುತ್ತದೆ, ಐಎಲ್‌ಒ ಓಡುವುದೇ ಆ ಕರೆಂಟಿನಲ್ಲಿ. ಮುಂದಿನ ಪವರ್ ದೀಪ ಪೂರ್ತಿ ಆರಿದ ಮೇಲೆ ಕೈ ಹಾಕಿ. ಮಣಿಕಟ್ಟಿಗೆ ಆಂಟಿಸ್ಟಾಟಿಕ್ ಪಟ್ಟಿ ಇದ್ದರೆ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಸರ್ವರ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ. ಯಾವುದನ್ನೂ ಸರಿಸುವ ಮೊದಲು ಸ್ವಿಚ್ ಸಾಲಿನ ಫೋಟೊ ತೆಗೆಯಿರಿ. ಸರಿಸಲು ಪ್ಲಾಸ್ಟಿಕ್ಕಿನ ಚೂಪು ತುದಿ ಬಳಸಿ. ಪೆನ್ಸಿಲ್ ಬೇಡವೇ ಬೇಡ. ಸೀಸದ ಪುಡಿ ಉದುರಿದರೆ ಅದರಲ್ಲಿ ಕರೆಂಟ್ ಹರಿಯುತ್ತದೆ.

6 ಆನ್ ಮಾಡಿ, ವೈರ್ ಸಿಕ್ಕಿಸಿ, ಸರ್ವರ್ ಆನ್ ಮಾಡಿ. ಡಿಫಾಲ್ಟ್ ಸೆಟ್ಟಿಂಗ್ ಹಾಕಿದ್ದೇನೆ, ಸ್ವಿಚ್ ವಾಪಸ್ ಸರಿಸಿ ಅನ್ನುವ ಅರ್ಥದ ಸಂದೇಶ ಬರುತ್ತದೆ. ಮತ್ತೆ ಆಫ್, ಮತ್ತೆ ವೈರ್ ಹೊರಗೆ, 6 ಆಫ್. ಆಮೇಲಿನ ಮೊದಲ ಬೂಟ್ ನಿಧಾನವಾಗಬಹುದು. 256 ಜಿಬಿ ಮೆಮೊರಿಯನ್ನು ಬೋರ್ಡ್ ಹೊಸದಾಗಿ ಪಳಗಿಸಿಕೊಳ್ಳಬೇಕು. ಪರದೆ ಕೆಲವು ನಿಮಿಷ ಕಪ್ಪಗಿದ್ದರೆ ಹೆದರಿ ಪವರ್ ಬಟನ್ ಒತ್ತಬೇಡಿ.

‘6 ಆಫ್’ ಅನ್ನುವುದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನೇ ಒಮ್ಮೆ ಮರೆತಿದ್ದೆ. ಅದು ಸ್ವಿಚ್ ಅಲ್ಲ, ಜಂಪರ್ (ಎರಡು ಪಿನ್ ಕೂಡಿಸುವ ಪುಟ್ಟ ತೊಪ್ಪಿ) ಇದ್ದ ಬೋರ್ಡ್. ಅಳಿಸುವ ಜಾಗದಲ್ಲಿ ಜಂಪರ್ ಬಿಟ್ಟು ಮುಚ್ಚಳ ಹಾಕಿಬಿಟ್ಟೆ. ಪ್ರತಿ ರೀಬೂಟ್‌ಗೂ ಬೂಟ್ ಕ್ರಮ ಹೋಗುತ್ತಿತ್ತು. ಬ್ಯಾಟರಿ ಸತ್ತಿದೆ ಅಂದುಕೊಂಡು ಹೊಸದು ಹಾಕಿದೆ. ಮತ್ತೆ ಹೋಯಿತು. ಹೊಸ ಬ್ಯಾಟರಿಯೇ ಕಳಪೆ ಅಂತ ಇನ್ನೊಂದು ಹಾಕಿದೆ. ಮೂರನೇ ಸಲ ಮುಚ್ಚಳ ತೆಗೆದಾಗ ಕಣ್ಣಿಗೆ ಬಿತ್ತು. ಎರಡು ಬ್ಯಾಟರಿ ಇನ್ನೂ ನನ್ನ ಡ್ರಾಯರಿನಲ್ಲಿವೆ, ಚೆನ್ನಾಗೇ ಕೆಲಸ ಮಾಡುತ್ತವೆ.


ಜಂಪರ್ ಜಾಣ:

ಸ್ಕ್ರೂಡ್ರೈವರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಡೆಲ್ ಪವರ್‌ಎಡ್ಜ್ ಇರುವವರು ಸ್ವಿಚ್ ಸಾಲು ಹುಡುಕಬೇಡಿ. ಅಲ್ಲಿ ಜಂಪರ್ ಇರುತ್ತದೆ. ಒಂದು ಪಾಸ್‌ವರ್ಡ್‌ಗೆ, ಇನ್ನೊಂದು ಎನ್‌ವಿರ‍್ಯಾಮ್ ಅಳಿಸಲು. ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಅದಲು ಬದಲು ಮಾಡಿಕೊಳ್ಳಬೇಡಿ. ಯಾವ ಪಿನ್‌ನಿಂದ ಯಾವ ಪಿನ್‌ಗೆ ಅನ್ನುವುದು ಬೋರ್ಡಿನ ಮೇಲೆ ಸಣ್ಣಕ್ಷರದಲ್ಲಿರುತ್ತದೆ.

ಇನ್ನೊಂದು, ವಿಂಡೋಸ್ ಸರ್ವರ್ ಮೇಲೆ ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಶನ್) ಹಾಕಿದ್ದರೆ ಸೆಟ್ಟಿಂಗ್ ಅಳಿಸಿದ ಮೇಲೆ ರಿಕವರಿ ಕೀ ಕೇಳುವ ಸಾಧ್ಯತೆ ತುಂಬಾ. 48 ಅಂಕಿಯ ಆ ಕೀ ಎಲ್ಲಿದೆ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ. ಕೀ ಇಟ್ಟ ಫೈಲ್ ಅದೇ ಸರ್ವರ್‌ನೊಳಗೆ ಇದ್ದರೆ ದೇವರೇ ಗತಿ. ರಾತ್ರಿಪಾಳಿಯವರದು ಲಿನಕ್ಸ್, ಆದರೂ ಡಿಸ್ಕ್ ಎನ್‌ಕ್ರಿಪ್ಶನ್ ಅನ್ನು ಟಿಪಿಎಂಗೆ (ಕೀ ಕಾಯುವ ಚಿಪ್) ಕಟ್ಟಿದ್ದರೆ ಇದೇ ಮಾತು.


ರಾತ್ರಿಪಾಳಿ:

ಎನ್‌ಕ್ರಿಪ್ಶನ್ ಇಲ್ಲ, ಬಚಾವ್.

ಸ್ಕ್ರೂಡ್ರೈವರ್ ಸರ್, ನೀವು ಹೇಳಿದ ಹಾಗೇ ಮಾಡಿದೆ. ವೈರ್ ತೆಗೆದೆ, ದೀಪ ಆರುವ ತನಕ ಕಾದೆ, 6 ಆನ್ ಮಾಡಿದೆ. ಯಾವ ಸಂದೇಶವೂ ಬರಲಿಲ್ಲ. ಅದೇ ಹಂತ, ಅದೇ ಜಾಗ, ನಿಂತಿದೆ. ಹಾಗಾದರೆ ಹಾರ್ಡ್‌ವೇರ್ ಅಂತಲೇ ಅರ್ಥನಾ? ರೈಸರ್ ಬಿಚ್ಚಲಾ?


ಹಳೇ ಸ್ಕ್ರೂಡ್ರೈವರ್:

ಸರ್ ಅಲ್ಲಪ್ಪ, ಅಕ್ಕ ಅನ್ನಿ.

ರೈಸರ್‌ಗೆ ಈಗಲೇ ಕೈ ಹಾಕಬೇಡಿ. ಸಂದೇಶವೇ ಬರಲಿಲ್ಲ ಅನ್ನುವುದು ನನಗೆ ಸರಿ ಕಾಣುತ್ತಿಲ್ಲ. ಪ್ರಶ್ನೆ ಬೋರ್ಡಿಗೆ ತಲುಪಿಯೇ ಇಲ್ಲ ಅನ್ನಿಸುತ್ತಿದೆ. ಎರಡು ವಿಷಯ ಹೇಳಿ. ಸ್ವಿಚ್ ಸರಿಸುವಾಗ ನೀವು ರ‍್ಯಾಕಿನ ಮುಂದೆ ನಿಂತಿದ್ದಿರಾ, ಹಿಂದೆಯಾ? ಎಣಿಸಲು ಶುರು ಮಾಡಿದ್ದು ಯಾವ ತುದಿಯಿಂದ?


ರಾತ್ರಿಪಾಳಿ:

ಹಿಂದೆ, ಅಕ್ಕ. ಮುಂದಿನ ಕಡೆ ಜಾಗ ಸಾಲಲಿಲ್ಲ, ಹಿಂದಿನಿಂದ ಬಗ್ಗಿ ಕೈ ಹಾಕಿದೆ. ಸ್ವಿಚ್ ಮೇಲಿನ ಅಂಕಿ ಕಾಣಿಸುತ್ತಿರಲಿಲ್ಲ, ಒಂದು ಕೇಬಲ್ ಅಡ್ಡ ಇತ್ತು. ಮುಚ್ಚಳದ ಚಿತ್ರ ನೋಡಿಕೊಂಡು ಎಡದಿಂದ ಎಣಿಸಿ ಆರನೆಯದನ್ನು ಸರಿಸಿದೆ.

ಅಯ್ಯೋ.


ಹಳೇ ಸ್ಕ್ರೂಡ್ರೈವರ್:

ಹೂಂ. ಮುಚ್ಚಳದ ಚಿತ್ರವನ್ನು ಒಂದು ದಿಕ್ಕಿನಿಂದ ನೋಡಿದಂತೆ ಬರೆದಿರುತ್ತಾರೆ. ನೀವು ಎದುರು ದಿಕ್ಕಿನಲ್ಲಿ ನಿಂತರೆ ಎಡ ಬಲವಾಗುತ್ತದೆ. 12ರ ಸಾಲನ್ನು ತಪ್ಪು ತುದಿಯಿಂದ ಎಣಿಸಿದರೆ ಆರನೆಯದು ಅಂದುಕೊಂಡದ್ದು ಏಳನೆಯದು. ಆನ್, ಆಫ್ ಕೂಡ ತಲೆಕೆಳಗಾಗಿ ಕಾಣುತ್ತದೆ. ನೀವು 7ನ್ನು ಆನ್ ಮಾಡಿದ್ದೀರಿ.

ಫೋಟೊ ಇದೆಯಲ್ಲ, ಈಗಿನದನ್ನೂ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಕೇಬಲ್ ಕೀಳುವುದು ಬೇಡ, ಮೆಲ್ಲಗೆ ಪಕ್ಕಕ್ಕೆ ಹಿಡಿದರೆ ಸಾಕು. ಸ್ವಿಚ್ ಮೈಮೇಲಿನ ಅಂಕಿಯನ್ನೇ ಓದಿ. ಚಿತ್ರ ನೋಡಿ ಎಣಿಸಬೇಡಿ.

ಇದು ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಹಲವು ಪ್ರೊಲಯಂಟ್ ಜೆನ್9 ಬೋರ್ಡುಗಳಲ್ಲಿ 7ನೇ ಸ್ವಿಚ್ ಡಿಫಾಲ್ಟ್ ಬೂಟ್ ಮೋಡ್ ಯಾವುದು ಅಂತ ಹೇಳುತ್ತದೆ. ಆಫ್ ಇದ್ದರೆ ಹೊಸ ರೀತಿಯ ಯುಇಎಫ್‌ಐ, ಆನ್ ಇದ್ದರೆ ಹಳೆಯ ಲೆಗಸಿ ಬಯೋಸ್. ಈಗ ನೀವು 7ನ್ನು ಆನ್ ಬಿಟ್ಟು, ಆಮೇಲೆ ಸರಿಯಾದ 6ನ್ನೂ ಆನ್ ಮಾಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಸೆಟ್ಟಿಂಗ್ ಅಳಿಸಿ, ಲೆಗಸಿ ಮೋಡ್‌ನಲ್ಲಿ ಎದ್ದು, ಯುಇಎಫ್‌ಐನಲ್ಲಿ ಹಾಕಿದ ನಿಮ್ಮ ಲಿನಕ್ಸ್ ಕಾಣದೆ, ‘ಬೂಟ್ ಮಾಡಲು ಏನೂ ಇಲ್ಲ’ ಅನ್ನುತ್ತಿತ್ತು. ನೀವು ಇಲ್ಲಿ ಬಂದು ‘ಅಕ್ಕ, ಡೇಟಾ ಹೋಗಲ್ಲ ಅಂದಿರಿ, ಹೋಯಿತಲ್ಲ’ ಅಂತ ಅಳುತ್ತಿದ್ದಿರಿ. ಬೋರ್ಡಿನ ಬಿ140ಐ ರೇಡ್ ಬಳಸುವವರಿಗಂತೂ ಇನ್ನೂ ಕಷ್ಟ. ಲೆಗಸಿ ಮೋಡ್‌ನಲ್ಲಿ ಅದನ್ನು ಬಳಸಲೇಬಾರದು.

ಮೊದಲು 7 ವಾಪಸ್ ಆಫ್. ಆಮೇಲೆ 6 ಆನ್. ವೈರ್ ತೆಗೆಯುವುದರಿಂದ ಮತ್ತೆ ಶುರು ಮಾಡಿ.


ರೀಬೂಟ್ ರಾಜ:

ಬ್ಯಾಟರಿ ವಿಷಯದಲ್ಲಿ ಸೋತೆ, ಒಪ್ಪಿದೆ. ಈ ನೆಪದಲ್ಲಿ ಒಂದು ಡೌಟು. ನಮ್ಮ ಸರ್ವರ್ ಬೋರ್ಡಿನ ಮೇಲೆ ಎನ್‌ಎಂಐ ಅಂತ ಬರೆದ ಒಂದು ಗುಂಡಿ ಇದೆ. ಹ್ಯಾಂಗ್ ಆದಾಗ ಅದನ್ನು ಒತ್ತಿದರೆ ಬಿಡುಗಡೆ ಆಗುತ್ತಾ?


ಹಳೇ ಸ್ಕ್ರೂಡ್ರೈವರ್:

ಬಿಡುಗಡೆ ಆಗುವುದಿಲ್ಲ, ಪಂಚನಾಮೆ ಆಗುತ್ತದೆ. ಆಪರೇಟಿಂಗ್ ಸಿಸ್ಟಂ ಓಡುತ್ತಿರುವಾಗ ಅದು ಪೂರ್ತಿ ಗಪ್ಪಾದರೆ, ಕೀಬೋರ್ಡೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನುವಾಗ ಆ ಗುಂಡಿ ಒತ್ತುವುದು. ಪ್ರೊಸೆಸರ್ ಕಡೆಗಣಿಸಲಾಗದ ಒಂದು ಕರೆ ಹೋಗುತ್ತದೆ. ಸಿಸ್ಟಂ ಬೇಕೆಂದೇ ಬಿದ್ದು, ಬೀಳುವ ಮೊದಲು ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಡುತ್ತದೆ. ಯಾಕೆ ಗಪ್ಪಾಯಿತು ಅಂತ ಆಮೇಲೆ ಆ ಫೈಲ್ ನೋಡಿ ಹುಡುಕಬಹುದು. ವಿಂಡೋಸ್‌ನಲ್ಲಿ 0x80 ಅನ್ನುವ ನೀಲಿ ಪರದೆ ಬರುತ್ತದೆ. ಲಿನಕ್ಸ್‌ನಲ್ಲಿ ಕೆ-ಡಂಪ್ (ಹೀಗೆ ಮೆಮೊರಿ ಬರೆದಿಡುವ ವ್ಯವಸ್ಥೆ) ಮೊದಲೇ ಸಿದ್ಧ ಮಾಡಿಟ್ಟಿರಬೇಕು, ಗುರುತಿಲ್ಲದ ಎನ್‌ಎಂಐ ಬಂದರೆ ಪ್ಯಾನಿಕ್ ಆಗು ಅಂತ ಕರ್ನಲ್‌ಗೆ ಹೇಳಿರಬೇಕು. ಇಲ್ಲದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಬಿದ್ದು ಸುಮ್ಮನಾಗಬಹುದು.

ಚೆನ್ನಾಗಿ ಓಡುತ್ತಿರುವ ಸರ್ವರ್ ಮೇಲೆ ಪರೀಕ್ಷೆಗೆ ಅಂತ ಒತ್ತಬೇಡಿ. ನಿಮ್ಮ ಹೆಸರು ನೋಡಿಯೇ ಹೇಳುತ್ತಿದ್ದೇನೆ.

ಹ್ಯಾಂಗ್ ಆಗಿರುವುದು ರಿಮೋಟ್ ಮ್ಯಾನೇಜ್‌ಮೆಂಟ್ ಮಾತ್ರ ಆಗಿದ್ದರೆ ಮುಚ್ಚಳ ತೆಗೆಯುವುದೇ ಬೇಡ. ಹೊಸ ಪ್ರೊಲಯಂಟ್‌ಗಳಲ್ಲಿ ನೀಲಿ ದೀಪದ ಯುಐಡಿ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಐಎಲ್‌ಒ ಮಾತ್ರ ಮರ್ಯಾದೆಯಾಗಿ ರೀಬೂಟ್ ಆಗುತ್ತದೆ. 10 ಸೆಕೆಂಡ್ ದಾಟಿದರೆ ಬಲವಂತವಾಗಿ. ಸರ್ವರ್ ಪಾಡಿಗೆ ಸರ್ವರ್ ಓಡುತ್ತಿರುತ್ತದೆ.


ಜಂಪರ್ ಜಾಣ:

ಡೆಲ್‌ನಲ್ಲಿ ಅದೇ ಕೆಲಸಕ್ಕೆ ಸಿಸ್ಟಂ ಐಡಿ ಬಟನ್ನನ್ನು 15 ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಕು, ಐಡ್ರ್ಯಾಕ್ (ಡೆಲ್‌ನ ಐಎಲ್‌ಒ ಥರದ್ದು) ರೀಸೆಟ್ ಆಗುತ್ತದೆ. ಬೆರಳು ನೋಯುತ್ತದೆ, ಬಿಡಬೇಡಿ.


ರಾತ್ರಿಪಾಳಿ:

ಅಕ್ಕ, ಸಂದೇಶ ಬಂತು! ಡಿಫಾಲ್ಟ್ ಹಾಕಿದ್ದೇನೆ, ಸ್ವಿಚ್ ಆಫ್ ಮಾಡು ಅಂತ. ಆಫ್ ಮಾಡಿದೆ. ಮುಂದಿನ ಬೂಟ್‌ಗೆ ಮೂರೂವರೆ ನಿಮಿಷ ಕಪ್ಪು ಪರದೆ. ನೀವು ಮೊದಲೇ ಹೇಳದಿದ್ದರೆ ಖಂಡಿತ ಪವರ್ ಬಟನ್ ಒತ್ತಿರುತ್ತಿದ್ದೆ. ಪಿಸಿಐ ಹಂತ ದಾಟಿತು. ರೇಡ್ ಕಾರ್ಡ್ ಎಂಟು ಡಿಸ್ಕನ್ನೂ ಹೇಳಿತು, ಒಂದೂ ಕೆಟ್ಟಿಲ್ಲ. ಎಫ್9 ಒತ್ತಿದ ತಕ್ಷಣ ಸೆಟಪ್ ತೆರೆಯಿತು.

ಆದರೆ ಲಿನಕ್ಸ್ ಬರುತ್ತಿಲ್ಲ. ನೆಟ್‌ವರ್ಕ್‌ನಿಂದ ಬೂಟ್ ಮಾಡಲು ನೋಡಿ, ಸೋತು, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. 7 ಆಫ್ ಇದೆ, ಅಂಕಿ ಓದಿ ನೋಡಿದ್ದೇನೆ. ಸೆಟಪ್‌ನಲ್ಲೂ ಯುಇಎಫ್‌ಐ ಅಂತಲೇ ಇದೆ.


ಹಳೇ ಸ್ಕ್ರೂಡ್ರೈವರ್:

ಹೆದರಬೇಡಿ, ಇದು ಬರಬೇಕಾದದ್ದೇ. ಯುಇಎಫ್‌ಐನಲ್ಲಿ ಲಿನಕ್ಸ್ ಹಾಕಿದಾಗ ‘ಈ ಡಿಸ್ಕಿನ ಈ ಫೈಲಿನಿಂದ ಶುರು ಮಾಡು’ ಅನ್ನುವ ಒಂದು ನಮೂದು ಎನ್‌ವಿರ‍್ಯಾಮ್‌ಗೆ ಹೋಗುತ್ತದೆ. ಈಗ ಅಳಿಸಿದ್ದರಲ್ಲಿ ಅದೂ ಹೋಗಿದೆ. ಫೈಲ್ ಇದೆ, ವಿಳಾಸ ಬರೆದ ಚೀಟಿ ಹೋಗಿದೆ ಅಷ್ಟೇ.

ಎಫ್11 ಒತ್ತಿ ಒಂದು ಸಲದ ಬೂಟ್ ಮೆನುಗೆ ಹೋಗಿ. ಫೈಲ್ ಸಿಸ್ಟಂನಿಂದ ಯುಇಎಫ್‌ಐ ಅಪ್ಲಿಕೇಶನ್ ಓಡಿಸುವ ಆಯ್ಕೆ ಇರುತ್ತದೆ. ಅದರಲ್ಲಿ ಡಿಸ್ಕಿನ ಇಎಫ್‌ಐ ಫೋಲ್ಡರ್ ತೆರೆದು, ನಿಮ್ಮ ಲಿನಕ್ಸಿನ ಹೆಸರಿರುವ ಫೋಲ್ಡರ್ ಒಳಗೆ ಹೋಗಿ. ಲಿನಕ್ಸನ್ನು ಎಬ್ಬಿಸುವ ಶಿಮ್ ಅಥವಾ ಗ್ರಬ್ ಅನ್ನುವ ಫೈಲ್ ಸಿಗುತ್ತದೆ. ಅದನ್ನು ಆರಿಸಿ. ಲಿನಕ್ಸ್ ಎದ್ದ ಮೇಲೆ ಇಎಫ್‌ಐ ಬೂಟ್ ಮ್ಯಾನೇಜರ್ ಕಮಾಂಡ್‌ನಿಂದ ನಮೂದನ್ನು ಮತ್ತೆ ಸೇರಿಸಿ. ಸೇರಿಸದಿದ್ದರೆ ಪ್ರತಿ ರೀಬೂಟ್‌ಗೂ ಈ ಮೆನುಗೆ ಬಂದು ನಿಲ್ಲಬೇಕು.

ಅದಕ್ಕೂ ಮೊದಲು ಸೆಟಪ್‌ನಲ್ಲಿ ದಿನಾಂಕ, ಸಮಯ ನೋಡಿಕೊಳ್ಳಿ.


ರಾತ್ರಿಪಾಳಿ:

ಎದ್ದಿತು ಅಕ್ಕ. ಶಿಮ್ ಫೈಲ್ ಆರಿಸಿದೆ, ಲಿನಕ್ಸ್ ಬಂತು, ನಮೂದು ಸೇರಿಸಿದೆ. ಇನ್ನೊಂದು ಸಲ ರೀಬೂಟ್ ಮಾಡಿ ನೋಡಿದೆ, ತಾನಾಗಿಯೇ ಬಂತು. ಹದಿನಾಲ್ಕೂ ಮೆಷೀನ್ ಮೇಲಿವೆ.

ಸಮಯದ ಮಾತನ್ನು ಮಾತ್ರ ಲಕ್ಷ್ಯಕ್ಕೆ ತಗೊಳ್ಳಲಿಲ್ಲ. ತಪ್ಪಾಯಿತು. ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿತ್ತು. ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ತಾನೇ ಸರಿಯಾಗುತ್ತದೆ ಅಂದುಕೊಂಡೆ. ಆದರೆ ನಮ್ಮ ಎನ್‌ಟಿಪಿ ಸರ್ವರ್ ಇರುವುದು ಇದೇ ಯಂತ್ರದ ಮೇಲಿನ ಒಂದು ವರ್ಚುವಲ್ ಮೆಷೀನ್ ಒಳಗೆ. ಅದು ಏಳುವಾಗ ಸಮಯ ಪಡೆದದ್ದು ಇದರಿಂದಲೇ. ಇದು ಅದನ್ನು ಕೇಳುತ್ತದೆ, ಅದು ಇದನ್ನು ನಂಬಿದೆ. ಇಬ್ಬರೂ ಸೇರಿ ಒಂದೇ ಸುಳ್ಳು ಹೇಳುತ್ತಿದ್ದರು. ಅಷ್ಟರಲ್ಲಿ ಯಾರೂ ಲಾಗಿನ್ ಆಗಲು ಆಗುತ್ತಿಲ್ಲ ಅಂತ ಫೋನ್ ಮೇಲೆ ಫೋನ್.


ಹಳೇ ಸ್ಕ್ರೂಡ್ರೈವರ್:

ನಕ್ಕು ನಕ್ಕು ಸಾಕಾಯಿತು, ಕ್ಷಮಿಸಿ. ಲಾಗಿನ್‌ಗೆ ಕೆರ್ಬೆರೋಸ್ (ಬಂದವರ ಗುರುತು ಪರೀಕ್ಷಿಸುವ ವ್ಯವಸ್ಥೆ) ಇದ್ದರೆ ಹಾಗೇ ಆಗುವುದು. ಎರಡು ಕಡೆಯ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಜಾಸ್ತಿ ಅಂತರವಿದ್ದರೆ ಡಿಫಾಲ್ಟ್ ಆಗಿ ಅದು ಒಳಗೆ ಬಿಡುವುದಿಲ್ಲ. ನಿಮ್ಮದು ವರ್ಷಗಳ ಅಂತರ.

ಹೋಸ್ಟಿನ (ವರ್ಚುವಲ್ ಮೆಷೀನ್‌ಗಳನ್ನು ಹೊತ್ತ ಯಂತ್ರದ) ಸಮಯವನ್ನು ಕೈಯಾರೆ ಸರಿ ಮಾಡಿ, ಹಾರ್ಡ್‌ವೇರ್ ಗಡಿಯಾರಕ್ಕೂ ಬರೆಯಿರಿ, ಆಮೇಲೆ ಎನ್‌ಟಿಪಿ ಮೆಷೀನ್ ರೀಸ್ಟಾರ್ಟ್ ಮಾಡಿ. ಬೇರೆಯವು ಅದರ ನಂತರ. ತಪ್ಪು ಸಮಯದಲ್ಲಿ ಬರೆದ ಲಾಗುಗಳನ್ನು ಒಂದು ಕಡೆ ಗುರುತು ಹಾಕಿಟ್ಟುಕೊಳ್ಳಿ. ಇನ್ನೊಂದು ತಿಂಗಳಿಗೆ ಯಾರಾದರೂ ನೋಡಿ ತಲೆ ಕೆಡಿಸಿಕೊಳ್ಳುತ್ತಾರೆ. ಹೋಸ್ಟಿಗೆ ಸಮಯ ಹೇಳುವುದು ಅದರ ಹೊಟ್ಟೆಯೊಳಗೆ ಇಲ್ಲದ ಯಾವುದಾದರೂ ಯಂತ್ರವಾಗಿರಲಿ.

ಈಗ ಹ್ಯಾಂಗ್ ಯಾಕಾಯಿತು ಅನ್ನುವುದು. ಅಳಿಸಿದ ತಕ್ಷಣ ದಾಟಿತು ಅಂದರೆ ರೈಸರ್ ನಿರಪರಾಧಿ. ನೀವು ಮುಟ್ಟಿದ ಆ ‘ಒಂದೆರಡು’ ಆಯ್ಕೆಗಳಲ್ಲಿ 4 ಜಿಬಿ ಮೇಲಿನ ವಿಳಾಸಗಳನ್ನು ಪಿಸಿಐಗೆ ಬಿಡುವ ಆಯ್ಕೆ ಇತ್ತಾ, ನೆನಪು ಮಾಡಿಕೊಳ್ಳಿ. ಎಸ್‌ಆರ್-ಐಒವಿ ಆನ್ ಮಾಡಿದರೆ ಒಂದೊಂದು ನೆಟ್‌ವರ್ಕ್ ಪೋರ್ಟೂ ಹತ್ತಾರು ಮರಿ ಪೋರ್ಟುಗಳಾಗಿ ಕಾಣಿಸಿಕೊಳ್ಳಲು ತಯಾರಾಗುತ್ತದೆ. ಪ್ರತಿಯೊಂದಕ್ಕೂ ವಿಳಾಸದ ಜಾಗ ಬೇಕು. ಮೇಲಿನ ಜಾಗ ಮುಚ್ಚಿದ್ದರೆ ಎಲ್ಲರೂ 4 ಜಿಬಿ ಕೆಳಗಿನ ಸಣ್ಣ ಕೋಣೆಯಲ್ಲೇ ತೂರಬೇಕು. ಜಾಗ ಸಾಲದೆ ಪಿಸಿಐ ಹಂತದಲ್ಲಿ ನಿಂತುಹೋಗುವುದು ಹೊಸದೇನಲ್ಲ. ಹೊಸ ಕಾರ್ಡ್ ಕಿತ್ತರೂ ಬೋರ್ಡಿನದೇ ನೆಟ್‌ವರ್ಕ್ ಪೋರ್ಟುಗಳು ಇದ್ದವಲ್ಲ, ಅವಕ್ಕೂ ಎಸ್‌ಆರ್-ಐಒವಿ ಆನ್ ಆಗಿತ್ತು. ಅದಕ್ಕೇ ಕಾರ್ಡ್ ಕಿತ್ತಿದ್ದರಿಂದ ಏನೂ ಬದಲಾಗಲಿಲ್ಲ ಅಂತ ನನ್ನ ಅನುಮಾನ.


ರಾತ್ರಿಪಾಳಿ:

ಇತ್ತು ಅಕ್ಕ. ‘4 ಜಿ’ ಅಂತ ನೋಡಿ, ನಮ್ಮಲ್ಲಿ 256 ಇದೆ, 4 ಯಾಕೆ ಬೇಕು ಅಂತ ಆಫ್ ಮಾಡಿದ್ದೆ. ಈಗ ನೆನಪಾಯಿತು. ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಸಮಯ ಸರಿ ಮಾಡಿದೆ, ಲಾಗಿನ್ ಎಲ್ಲ ಸರಿಹೋಯಿತು. ಆ ಆಯ್ಕೆ ಈಗ ಡಿಫಾಲ್ಟ್‌ನಲ್ಲಿ ಆನ್ ಇದೆ, ಹಾಗೇ ಬಿಟ್ಟಿದ್ದೇನೆ. ಎಸ್‌ಆರ್-ಐಒವಿ ಒಂದನ್ನೇ ಆನ್ ಮಾಡಿ ರೀಬೂಟ್ ಮಾಡಿದೆ, ಸಲೀಸಾಗಿ ಬಂತು. ಹೊಸ ಕಾರ್ಡ್ ಮುಂದಿನ ವಾರ, ಬ್ಯಾಕಪ್ ತೆಗೆದ ಮೇಲೆ. ಸೆಟಪ್‌ನ ಒಂದೊಂದು ಪುಟದ ಫೋಟೊ ತೆಗೆದಿಟ್ಟುಕೊಂಡಿದ್ದೇನೆ, ಮೂವತ್ತೊಂದು ಆದವು.


ಜಂಪರ್ ಜಾಣ:

ಫೋಟೊಗಳನ್ನು ಆ ಸರ್ವರ್ ಮೇಲೆ ಇಟ್ಟಿಲ್ಲ ತಾನೇ?


ರಾತ್ರಿಪಾಳಿ:

ಒಂದು ನಿಮಿಷ ಬಂದೆ.


ರೀಬೂಟ್ ರಾಜ:

ಮತ್ತೆ 6ನೇ ಸ್ವಿಚ್ಚು? ಅದು ಆಫ್ ಇದೆಯಾ?


ರಾತ್ರಿಪಾಳಿ:

ಆಫ್ ಇದೆ. ಮುಂದಿನಿಂದ ನಿಂತು ನೋಡಿದೆ, ಹಿಂದಿನಿಂದಲೂ ನೋಡಿದೆ.